ರುದ್ರವ್ವನ ಎಡಗೈ

ಶರಣಬಂಧುಗಳೇ, ಕೈಯ ಕೆಲಸವನ್ನು ತುಸು ಬದಿಗಿಟ್ಟು ಕಿವಿಗೊಡಿರಿ. ಇದು ಈ ಪರದೇಶದ ನಮ್ಮ ವುಡ್‌ಬ್ರಿಡ್ಜ್ ಊರಿನ ರುದ್ರವ್ವನ ಎಡಗೈಯ ಕಥೆ.

ಬೆಳಗಾವಿ ಸೀಮೆಯ ಈ ತಾಯಿ ಇಲ್ಲಿಯ ಬೇಕರಿಯೊಂದರಲ್ಲಿ ಹದಿನೆಂಟು ವರ್ಷ ಬ್ರೆಡ್ಡಿನ ಟ್ರೇ ಎತ್ತಿದವಳು. ಸ್ತನದ ಕ್ಯಾನ್ಸರಿಗೆ ಆಪರೇಶನ್ನು, ಕೀಮೋ, ರೇಡಿಯೇಶನ್ನು ಮೂರನ್ನೂ ದಾಟಿ ಬಂದಾಗ ಮನೆಮಂದಿ ಹೋಳಿಗೆ ಹಂಚಿ, ಗೆದ್ದು ಬಂದಳೆಂದರು. ಆಮೇಲೆ ಯಾರೂ ಏನೂ ಕೇಳಲಿಲ್ಲ.

ಕಂಕುಳಿನ ಗಂಟುಗಳನ್ನು ತೆಗೆದ ಮೇಲೆ ಎಡಗೈ ಬಾತು ಕಲ್ಲಿನಷ್ಟು ಭಾರವಾಗಿತ್ತು. ಇಷ್ಟಲಿಂಗವನ್ನಿಟ್ಟು ಪೂಜಿಸುವುದು ಆ ಅಂಗೈಯ ಮೇಲೆಯೇ. ಎಂಟರ ವಯಸ್ಸಿನಲ್ಲಿ ದೀಕ್ಷೆಯಾದಂದಿನಿಂದ ಒಂದು ದಿನವೂ ತಪ್ಪದ ಪೂಜೆ ಈಗ ಅರ್ಧಕ್ಕೇ ನಿಲ್ಲುತ್ತಿತ್ತು. ಕೈ ನಡುಗಿ ತಾನಾಗಿ ಇಳಿಯುತ್ತಿತ್ತು. ಮತ್ತೆ ಆ ಕೈಯಲ್ಲಿ ಲಿಂಗವನ್ನು ನೆಮ್ಮದಿಯಿಂದ ಹಿಡಿಯಬೇಕು, ಅದೊಂದೇ ಆಕೆಯ ಹಂಬಲ. ಇಂಥದನ್ನು ಆಸ್ಪತ್ರೆಯಲ್ಲಿ ಹೇಳುವುದುಂಟೆ? ಊರಲ್ಲಿರುವ ತಂಗಿ ಗುರುಬಸವ್ವನಿಗೆ ಫೋನಿನಲ್ಲಿ ಹೇಳಿಕೊಂಡಳು. ಆಕೆ ನಾಟಿ ವೈದ್ಯರ ಪುಡಿಯನ್ನು ಊರ ಮಠದ ಅಜ್ಜನವರ ಗದ್ದುಗೆಯ ಮುಂದಿಟ್ಟು ಪೂಜೆ ಮಾಡಿಸಿ ಕಳಿಸಿದಳು. ಚಹಾಪುಡಿಯ ಹಳೆಯ ಡಬ್ಬಿಯಲ್ಲಿ ಅದು ಸದಾ ರುದ್ರವ್ವನ ಕೈಚೀಲದಲ್ಲಿರುತ್ತಿತ್ತು.

ಪ್ರತಿ ಭೇಟಿಯಲ್ಲೂ ನರ್ಸು ಕೇಳಿದ್ದನ್ನು ಸೊಸೆ ನೀಲಾಂಬಿಕಾ ಕನ್ನಡದಲ್ಲಿ ಕೇಳುವಳು.

“ಅತ್ತಿ, ಬ್ಯಾರೆ ಏನರ ಮೆಡಿಸಿನ್ ತಗೋತೀರೇನು?”

“ಇಲ್ಲವಾ.”

ಸುಳ್ಳಾಡಿದೆನೆಂದು ಆಕೆಗೆ ಅನ್ನಿಸಲೇ ಇಲ್ಲ. ಗದ್ದುಗೆ ಮುಟ್ಟಿ ಬಂದದ್ದು ಪ್ರಸಾದ. ಪ್ರಸಾದವನ್ನು ಪರೀಕ್ಷೆಗೆ ಒಡ್ಡುವರೆ?

ಪುಡಿ ಶುರುವಾದ ಮೂರು ತಿಂಗಳಿಗೆ ರಕ್ತಪರೀಕ್ಷೆಯಲ್ಲಿ ಲಿವರು ಕೆಟ್ಟಿರುವುದು ಕಂಡಿತು. ರೋಗ ಅಲ್ಲಿಗೆ ಹಬ್ಬಿತೋ ಎಂದು ಸ್ಕ್ಯಾನ್ ಮಾಡಿದರು, ಏನೂ ಸಿಗಲಿಲ್ಲ. ಹಾಗಾದರೆ ರೋಗ ಮರಳದಂತೆ ಕೊಡುವ ಮಾತ್ರೆಯೇ ಒಗ್ಗುತ್ತಿಲ್ಲವೇನೋ, ಅದನ್ನು ನಿಲ್ಲಿಸಬೇಕಾದೀತು ಎಂದು ನರ್ಸು ತಿಳಿಸಿದಳು. ಅದನ್ನು ಕನ್ನಡಕ್ಕೆ ತರುತ್ತ ನೀಲಾಂಬಿಕಾ ಅತ್ತೆಯ ಕೈ ಹಿಡಿದುಕೊಂಡಳು.

ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿ ರುದ್ರವ್ವ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

“ಇದೇನತ್ತಿ? ಇಲ್ಲಿ ಚಹಾ ಕಾಸ್ತೀರೇನು?”

“ಪ್ರಸಾದವಾ. ದಿನಾ ಎರಡು ಚಮಚ.”

“ಅಷ್ಟ್ ಸಲ ಕೇಳೀನಿ, ಇಲ್ಲ ಅಂದ್ರಿ.”

“ನೀ ಮೆಡಿಸಿನ್ ಕೇಳಿದಿ. ಪ್ರಸಾದ ಅಂತ ಕೇಳಿದ್ರ ಹೂಂ ಅಂತಿದ್ದೆ.”

ನರ್ಸು ಗದರಲಿಲ್ಲ. ಯಾತಕ್ಕಾಗಿ ತೆಗೆದುಕೊಂಡಿರಿ ಎಂದಷ್ಟೇ ಕೇಳಿದಳು. ಎರಡು ವರ್ಷಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ರುದ್ರವ್ವ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು. ಅದು ನಡುಗಿ ಇಳಿಯುವವರೆಗೆ ಇಬ್ಬರೂ ನೋಡಿದರು. ಲಿಂಗಪೂಜೆಯ ಸಂಗತಿಯನ್ನು ಸೊಸೆ ನರ್ಸಿಗೆ ಬಿಡಿಸಿ ಹೇಳಿದಳು.

ಲಿವರು ಕೆಟ್ಟದ್ದು ಆ ಪುಡಿಯಿಂದಲೇ ಇರಬಹುದು, ಅದು ಬೇಡ, ಅಡುಗೆಮನೆಯ ಶುಂಠಿ ಕಷಾಯಕ್ಕೆ ಅಡ್ಡಿಯಿಲ್ಲ ಎಂದು ಆಸ್ಪತ್ರೆಯವರು ಹೇಳಿದರು. ಉಳಿದ ಪುಡಿಯನ್ನು ರುದ್ರವ್ವ ತುಳಸಿಯ ಕುಂಡಕ್ಕೆ ಸುರಿದು ಕೈಮುಗಿದಳು. ಆರು ವಾರದಲ್ಲಿ ಲಿವರು ಸರಿಹೋಯಿತು, ಮಾತ್ರೆ ನಿಲ್ಲಿಸಬೇಕಾಗಲಿಲ್ಲ. ಫಿಸಿಯೋಥೆರಪಿಯವಳು ತೋಳಿಗೆ ಬಿಗಿ ಪಟ್ಟಿ ತೊಡಿಸಿ, ನೀವುವ ಬಗೆ ಕಲಿಸಿ, ಮೊಣಕೈ ಕೆಳಗೆ ದಿಂಬಿಡಲು ಹೇಳಿದಳು. ಬಾವು ಪೂರ್ತಿ ಇಳಿದಿಲ್ಲ. ಆದರೆ ಕಳೆದ ಸೋಮವಾರ ಬೆಳಿಗ್ಗೆ ಪೂಜೆ ಮುಗಿಯುವವರೆಗೂ ಲಿಂಗ ಆ ಅಂಗೈಯಲ್ಲಿ ಅಲುಗದೆ ಕುಳಿತಿತ್ತು.

ಗದ್ದುಗೆಯಲ್ಲಿದ್ದ ಶಿವ ಆ ನರ್ಸಿನ ಪ್ರಶ್ನೆಯಲ್ಲಿಯೂ ಇದ್ದನಲ್ಲವೆ? ಆದಕಾರಣ, ಬಂಧುಗಳೇ, ನಿಮ್ಮ ಮನೆಯಲ್ಲಿ ಗೆದ್ದು ಬಂದವರಿದ್ದರೆ ಹೋಳಿಗೆ ಹಂಚಿ ಸುಮ್ಮನಾಗಬೇಡಿರಿ. ಇನ್ನೂ ಏನು ನೋಯುತ್ತಿದೆ ಎಂದು ಕೇಳಿರಿ. ನೀವೇ ಗೆದ್ದು ಬಂದವರಾದರೆ, ನಿಮ್ಮ ಕೈಚೀಲದ ಡಬ್ಬಿಯನ್ನೂ ಮೇಜಿನ ಮೇಲಿಡಿರಿ.