ತೈಯುವಾನ್ ಸ್ಟೇಷನ್ನಿನಲ್ಲಿ ಓದಿದ ಪುಟ

ಚೀನಾದ ಈ ಉಕ್ಕಿನ ಊರಿಗೆ ಪ್ರವಾಸಿಗಳು ಬರುವುದು ಅಪರೂಪ. ನನ್ನ ಯಜಮಾನರು ಸ್ಯಾನ್ ಡಿಯೇಗೋದಿಂದ ಕಾರ್ಖಾನೆಯ ಕೆಲಸಕ್ಕೆ ಬಂದಿದ್ದರು, ಜೊತೆಗೆ ನಾನು. ಹೊರಡುವಾಗ ರೈಲ್ವೆ ಸ್ಟೇಷನ್ನಿನಲ್ಲಿ ನಮ್ಮ ಪ್ರಯಾಣದ ಪರವಾನಗಿ ನೋಡುತ್ತಿದ್ದ ಅಧಿಕಾರಿ, ನಾನು ಬರೆಯುತ್ತಿರುವುದನ್ನು ಕಂಡು ನೋಟ್‌ಬುಕ್ ತೆಗೆದುಕೊಂಡ. ಕನ್ನಡದ ಅಕ್ಷರಗಳನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ. ಇದು ಇಲ್ಲೇ ಇರಲಿ ಎನ್ನುತ್ತಿದ್ದಾರೆ ಎಂದಳು ನಮ್ಮ ದುಭಾಷಿ.

“ಬಿಟ್ಟುಬಿಡೇ ಮಾರಾಯ್ತಿ. ಲಾ ಹೋಯಾದ ಮನೆಗೆ ಹೋಗಿ ನೆನಪು ಮಾಡ್ಕೊಂಡು ಬರೀವಂತೆ,” ಎಂದರು ಇವರು.

“ನೆನಪು ಮಾಡ್ಕೊಂಡು ಬರೆದ್ರೆ ಇಲ್ಲದ್ದೆಲ್ಲ ಸೇರಿಸ್ತೀನಿ ರೀ. ಅದು ಕೊಡ್ದೆ ನಾನು ರೈಲು ಹತ್ತಲ್ಲ.”

“ಸರಿ, ಇಲ್ಲೇ ಉಕ್ಕು ಕಾಯಿಸ್ಕೊಂಡಿರು!”

ನಾನು ಮೇಜಿನ ಮುಂದಿನಿಂದ ಕದಲಲಿಲ್ಲ. ಕೊನೆಗೆ, ಈಗ ಬರೆದ ಪುಟವನ್ನು ಓದಿ ಹೇಳಿ ಎಂದು ಅಪ್ಪಣೆಯಾಯಿತು. ಆ ಪುಟ ಆತನ ಬಗ್ಗೆಯೇ ಇತ್ತು. ಬೇರೇನೋ ಹೇಳಬಹುದಿತ್ತು, ಯಾರಿಗೆ ತಿಳಿಯುತ್ತಿತ್ತು? ಆದರೂ ಬರೆದದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ದುಭಾಷಿ ತಗ್ಗಿದ ದನಿಯಲ್ಲಿ ಚೀನೀ ಭಾಷೆಗೆ ತಂದಳು: ‘ಅಧಿಕಾರಿಯ ಕೋಟಿನ ಮೊಣಕೈಗೆ ತೇಪೆಯಿದೆ. ಎಷ್ಟು ನಯವಾದ ಹೊಲಿಗೆ! ಹೆಂಡತಿ ಜಾಣೆಯಿರಬೇಕು.’

ಆತ ಮೊಣಕೈ ನೋಡಿಕೊಂಡು ಗಟ್ಟಿಯಾಗಿ ಏನೋ ಹೇಳಿದ. ದುಭಾಷಿ ನಗು ತಡೆದುಕೊಂಡಳು. “ನೀವು ತಪ್ಪು ಬರೆದಿದ್ದೀರಂತೆ. ಹೊಲಿದದ್ದು ಹೆಂಡತಿಯಲ್ಲ, ಇವರೇ. ತಿದ್ದಬೇಕಂತೆ.”

ಎದುರಿಗೇ ನಿಂತು ಬರೆದದ್ದರಲ್ಲೂ ತಪ್ಪು! ಆತ ತನ್ನ ಪೆನ್ನು ಮುಂದೆ ಹಿಡಿದ. ನಾನು ಹೆಂಡತಿಯನ್ನು ಹೊಡೆದುಹಾಕಿ ತಿದ್ದಿದೆ. ಪುಟವನ್ನು ಮತ್ತೊಮ್ಮೆ ಓದಿಸಿ ಕೇಳಿದ ಮೇಲೆಯೇ ಆತ ನೋಟ್‌ಬುಕ್ ನನ್ನ ಕೈಗಿಟ್ಟ.