ಬಾಕಿ ಒಂದು ಅಂಗಿ

ಸೇನಾ ಶಿಬಿರದ ದರ್ಜಿಕೋಣೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ ಈ ವ್ಯಕ್ತಿಯನ್ನು ಎಲ್ಲರೂ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಅವರು ಸೈನಿಕರಲ್ಲ, ಸೈನಿಕರ ಅಳತೆ ಬಲ್ಲ ನಾಗರಿಕ ನೌಕರ. ಯಾವ ಅಧಿಕಾರಿಯ ಸೊಂಟ ಯಾವ ವರ್ಷ ಎಷ್ಟು ಅಂಗುಲ ಮುಂದುವರಿಯಿತೆಂಬುದು ಅವರಿಗೆ ಗೊತ್ತಿತ್ತು. ಅದನ್ನು ಅವರು ಯಾರ ಮುಂದೆಯೂ ಬಾಯಿಬಿಟ್ಟವರಲ್ಲ. ಅವರ ತಂದೆಯೂ ದರ್ಜಿಯಾಗಿದ್ದರು. ಮಗನ ಕೈಗೆ ಸೂಜಿ ಕೊಟ್ಟ ದಿನವೇ ಅವರು ಒಂದು ನಿಯಮವನ್ನೂ ಕೊಟ್ಟಿದ್ದರು. ಗಿರಾಕಿಯ ಅಳತೆ ಕೇಳಬಹುದು, ಯಾವಾಗ ಬೇಕೆಂದು ಕೇಳಬಹುದು, ಬಟ್ಟೆ ಹೇಗೆ ಹರಿಯಿತೆಂದು ಮಾತ್ರ ಕೇಳಕೂಡದು.

ಕೋಣೆಯಲ್ಲಿ ಎರಡು ಹೊಲಿಗೆಯಂತ್ರಗಳು, ಕತ್ತರಿಸಲು ಒಂದು ಉದ್ದನೆಯ ಮೇಜು, ಕವಾಯತು ಮೈದಾನದ ಕಡೆಗೆ ತೆರೆಯುವ ಒಂದು ಕಿಟಕಿ. ಗೋಡೆಗೆ ಒಂದು ಕಪ್ಪುಹಲಗೆ. ಅದರಲ್ಲಿ ಮೂರು ಅಂಕಣ: ಬಂದದ್ದು, ಆದದ್ದು, ಬಾಕಿ. ಪ್ರತಿ ಶುಕ್ರವಾರ ಸಂಜೆ ಮೂರನೆಯ ಅಂಕಣದಲ್ಲಿ ಸೊನ್ನೆ ಇರಬೇಕೆಂಬುದು ಉಗ್ರಾಣದ ಅಧಿಕಾರಿಯ ಆಜ್ಞೆ. ಆತ ಕೆಟ್ಟ ಮನುಷ್ಯನೇನೂ ಅಲ್ಲ, ಸೊನ್ನೆಯ ಮೇಲೆ ಪ್ರೀತಿಯಿಟ್ಟವನು.

ಮಾಸ್ಟರರ ಹೆಸರು ನಿಂತದ್ದು ರಫೂ ಕೆಲಸದಿಂದ. ಹರಿದ ಅಂಗಿಯ ಕೆಳಮಡಿಕೆಯ ಒಳಗಿನಿಂದಲೇ ಎಳೆಗಳನ್ನು ಬಿಡಿಸಿಕೊಂಡು, ಹರಿದ ಜಾಗದಲ್ಲಿ ಹಾಸುಹೊಕ್ಕಾಗಿ ಮತ್ತೆ ನೇಯುತ್ತಿದ್ದರು. ಮುಗಿದ ಮೇಲೆ ಎಲ್ಲಿ ಹರಿದಿತ್ತೆಂದು ತೊಟ್ಟವನಿಗೂ ತಿಳಿಯುತ್ತಿರಲಿಲ್ಲ. ಸೈನಿಕರು ಇದನ್ನೇ ತಮಾಷೆ ಮಾಡಿಕೊಂಡಿದ್ದರು.

"ಮಾಸ್ಟರ್, ಹೆಂಡ್ತಿ ಮುನಿಸ್ಕೊಂಡು ತವರಿಗೆ ಹೋಗಿದಾಳೆ. ಒಂದು ರಫೂ ಹಾಕ್ಕೊಡಿ."

"ಹಾಕ್ಕೊಡ್ತೀನಪ್ಪ. ಅಳತೆಗೆ ಅವರೂ ಬರಬೇಕಾಗುತ್ತೆ."

ಒಂಬತ್ತು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ವೈರ್‌ಲೆಸ್ ವಿಭಾಗದ ಯುವತಿಯೊಬ್ಬಳು ಒಂದು ಅಂಗಿ ತಂದಳು. ಎದೆಯ ಮೇಲಿನ ಗುಂಡಿಪಟ್ಟಿ ಕಿತ್ತುಬಂದಿತ್ತು, ಭುಜದ ಹೊಲಿಗೆ ಬಾಯಿಬಿಟ್ಟಿತ್ತು. ಮರುದಿನದ ಕವಾಯತಿಗೆ ಬೇಕು, ಇನ್ನೊಂದು ಅಂಗಿ ಒಗೆಯಲು ಹೋಗಿದೆ ಎಂದಳು. ಮಾಸ್ಟರ್ ಐದು ಗಂಟೆಗೆ ಬಾ ಎಂದರು. ಹೇಳುವುದೆಲ್ಲ ಮುಗಿದ ಮೇಲೂ ಆಕೆ ಸ್ವಲ್ಪ ಹೊತ್ತು ಮೇಜಿನ ಅಂಚನ್ನು ಹಿಡಿದು ನಿಂತಿದ್ದಳು. ಮಾಸ್ಟರ್ ತಂದೆಯ ನಿಯಮವನ್ನು ಪಾಲಿಸಿದರು. ಒಂದೂವರೆ ಗಂಟೆಯಲ್ಲಿ ಅಂಗಿ ಸಿದ್ಧವಾಯಿತು. ಅದು ಅವರ ಜೀವಮಾನದ ಅತ್ಯುತ್ತಮ ರಫೂಗಳಲ್ಲಿ ಒಂದು.

ಎರಡು ತಿಂಗಳ ನಂತರ ವಿಚಾರಣಾ ಸಮಿತಿಯಿಂದ ಅವರಿಗೆ ಕರೆ ಬಂತು. ಮೇಲಧಿಕಾರಿಯೊಬ್ಬ ತನ್ನ ಮೇಲೆ ಅತ್ಯಾಚಾರಕ್ಕೆ ಯತ್ನಿಸಿದನೆಂದು ಆಕೆ ದೂರು ಕೊಟ್ಟಿದ್ದಳು. ಅಂಗಿ ಮೇಜಿನ ಮೇಲಿತ್ತು.

"ಎಲ್ಲಿ ಹರಿದಿತ್ತು?" ಎಂದರು ಅಧ್ಯಕ್ಷರು.

"ಇಲ್ಲಿ ಸರ್."

"ಇಲ್ಲೇನೂ ಇಲ್ವಲ್ಲ."

"ರಫೂ ಮಾಡಿದೀನಿ ಸರ್."

"ಹೇಗೆ ಹರಿದಿತ್ತು ಅಂತ ಕೇಳಿದ್ರಾ?"

"ಕೇಳ್ಲಿಲ್ಲ ಸರ್."

ಅಂಗಿ ಕೈಯಿಂದ ಕೈಗೆ ಹೋಯಿತು. ಮೂರನೆಯ ಸದಸ್ಯರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಒಳ್ಳೇ ಕೆಲಸ" ಎಂದರು. ನಾಲ್ಕು ನಿಮಿಷದಲ್ಲಿ ಮಾಸ್ಟರರ ಸಾಕ್ಷ್ಯ ಮುಗಿದಿತ್ತು. ಮನೆ ಮುಟ್ಟುವಷ್ಟರಲ್ಲಿ ಅವರಿಗೆ ಉತ್ತರ ಹೊಳೆಯಿತು: ಕೆಳಮಡಿಕೆಯನ್ನು ಬಿಚ್ಚಿದರೆ ಒಳಗೆ ಎಳೆಗಳು ಕಡಿಮೆಯಿರುವುದು ಕಾಣುತ್ತದೆ, ರಫೂವನ್ನು ಬಿಡಿಸಿದರೆ ಹರಿದ ಜಾಗ ಹರಿದಂತೆಯೇ ಕೆಳಗಿದೆ. ಹೆಂಡತಿಗೆ ಹೇಳಿದರು.

"ನನಗ್ಯಾಕ್ರೀ ಹೇಳ್ತೀರಾ? ನಾನೇನು ಸಮಿತೀನಾ? ಬೆಳಿಗ್ಗೆ ಹೋಗಿ ಅವರಿಗೆ ಹೇಳಿ."

ಬೆಳಿಗ್ಗೆ ಹೋದಾಗ ಸಮಿತಿಯ ಗುಮಾಸ್ತ ಕಡತಕ್ಕೆ ದಾರ ಕಟ್ಟುತ್ತಿದ್ದ. "ವರದಿ ಹೋಗಿಬಿಡ್ತು ಮಾಸ್ಟರ್. ಈಗ ಹೇಳಿದ್ರೆ ಈ ದಾರಕ್ಕೆ ಹೇಳಬೇಕು, ಅಷ್ಟೆ" ಎಂದ. ಅಂಗಿಯಲ್ಲಿ ಬಲಪ್ರಯೋಗದ ಗುರುತು ಕಂಡುಬಂದಿಲ್ಲ ಎಂದು ವರದಿಯಲ್ಲಿತ್ತು. ನಾಲ್ಕು ತಿಂಗಳಿಗೆ ಆಕೆ ಕೆಲಸ ಬಿಟ್ಟಳು. ಆ ವರ್ಷದ ಉತ್ತಮ ಕುಶಲಕರ್ಮಿ ಎಂಬ ಪ್ರಶಸ್ತಿಪತ್ರ ಮಾಸ್ಟರರಿಗೆ ಬಂತು. ಶಿಫಾರಸು ಮೂರನೆಯ ಸದಸ್ಯರದು. ಅದರ ಕಾಗದ ದಪ್ಪಗಿತ್ತು. ಮಾಸ್ಟರ್ ಅದನ್ನು ಕಾಲರ್ ಕತ್ತರಿಸುವ ಮಾದರಿಯಾಗಿ ಕತ್ತರಿಸಿಟ್ಟುಕೊಂಡರು. ಸೇನಾಧಿಕಾರಿಯ ಸಹಿ ಕಾಲರಿನ ಎಡಮೂಲೆಗೆ ಬಂದಿತ್ತು.

ಆಮೇಲೆ ಅವರ ಕೆಲಸದಲ್ಲಿ ಕೆಲವು ಬದಲಾವಣೆಗಳಾದವು. ಉಗ್ರಾಣ ತಿರಸ್ಕರಿಸಿದ ಅಂಗಿಗಳನ್ನು ಸರಿಪಡಿಸಿ, ಎಲ್ಲ ಅಳತೆಯಲ್ಲೂ ಎರಡೆರಡು ತಮ್ಮ ಕಪಾಟಿನಲ್ಲಿಟ್ಟುಕೊಂಡರು. ಮರುದಿನದ ಕವಾಯತಿಗಾಗಿ ಯಾರೂ ಅವಸರ ಪಡಬೇಕಾಗಿರಲಿಲ್ಲ. ಸವೆದು ಹರಿದ ಬಟ್ಟೆಯ ಎಳೆ ಹರುಕಿನ ಸುತ್ತ ತೆಳ್ಳಗಾಗಿರುತ್ತದೆ. ಎಳೆದು ಹರಿದದ್ದರಲ್ಲಿ ಕೊನೆಯವರೆಗೂ ಗಟ್ಟಿಯಾಗಿರುತ್ತದೆ. ಎರಡನೆಯ ಬಗೆಯದು ಬಂದರೆ ಅವರು ಒಂದೇ ಪ್ರಶ್ನೆ ಕೇಳತೊಡಗಿದರು: ಹೊಲಿಯಲೋ, ಹಾಗೇ ಇಡಲೋ? ಇಡಿ ಎಂದದ್ದನ್ನು ಕಾಗದದ ಚೀಲದಲ್ಲಿ ಹಾಕಿ, ಅಂಟಿಸಿ, ಅಂಟಿನ ಮೇಲೆ ಇಬ್ಬರ ಸಹಿ, ದಿನಾಂಕ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಗುರುತೆಲ್ಲ ಹಾಳಾಗುತ್ತದೆಂದು ಹೇಳಿಕೊಟ್ಟವರು ವೈದ್ಯಕೀಯ ಕೋಣೆಯ ನರ್ಸಮ್ಮ. ಹೆಚ್ಚಿನವರು ಹೊಲಿಯಿರಿ ಎಂದರು, ಮಾಸ್ಟರ್ ಹೊಲಿದರು. ಇಬ್ಬರು ಇಡಿ ಎಂದು, ಶುಕ್ರವಾರದೊಳಗೇ ಚೀಲವನ್ನು ಹಿಂದಕ್ಕೆ ಕೇಳಿದರು, ಕೊಟ್ಟರು.

ಶಿಬಿರವೂ ತನ್ನ ಕೆಲಸ ಮಾಡದೇ ಇರಲಿಲ್ಲ. ವರ್ಷಕ್ಕೊಮ್ಮೆ ಲೈಂಗಿಕ ದೌರ್ಜನ್ಯ ತಡೆಗಟ್ಟುವ ತರಗತಿ ನಡೆಯುತ್ತಿತ್ತು, ಹಾಜರಿ ಕಡ್ಡಾಯ. ವಾಹನ ವಿಭಾಗದ ಮುಖ್ಯಸ್ಥ ಆರು ವರ್ಷ ಒಂದು ತರಗತಿಯನ್ನೂ ತಪ್ಪಿಸದೆ ಮುದ್ದಾದ ಅಕ್ಷರದಲ್ಲಿ ಸಹಿ ಮಾಡಿದ್ದ. ಎರಡು ಬಾರಿ ವಂದನಾರ್ಪಣೆಯನ್ನೂ ಅವನೇ ಮಾಡಿದ.

ಅವನ ವಿಭಾಗದ ಹೊಸ ಡ್ರೈವರ್ ಒಂದು ಬೆಳಿಗ್ಗೆ ಅಂಗಿಯನ್ನು ಸುರುಳಿ ಸುತ್ತಿ ತಂದಳು. ಇಪ್ಪತ್ಮೂರರ ಹುಡುಗಿ.

"ಗುಂಡಿ ಕಿತ್ತಿದೆ ಮಾಸ್ಟರ್."

ಮಾಸ್ಟರ್ ಅಂಗಿಯನ್ನು ಹಾಸಿ ನೋಡಿದರು. "ಗುಂಡಿ ಕಿತ್ತಿಲ್ಲಮ್ಮ. ಬಟ್ಟೆ ಕಿತ್ತಿದೆ."

"ಎರಡೂ ಒಂದೇ ಅಲ್ವಾ?"

"ನಮ್ಮ ಕೆಲಸದಲ್ಲಿ ಬೇರೆ ಬೇರೆ. ಹೊಲಿಯಲೋ, ಹಾಗೇ ಇಡಲೋ?"

"ಇಟ್ರೆ ಏನಾಗುತ್ತೆ?"

"ಇಟ್ರೆ ಇರುತ್ತೆ. ಹೊಲಿದ್ರೆ ಹೋಗುತ್ತೆ. ಇವತ್ತೇ ಹೇಳಬೇಕು ಅಂತೇನಿಲ್ಲ."

"ನಾಳೆ ಡ್ಯೂಟಿಗೆ ಏನು ಹಾಕ್ಕೊಳ್ಳಲಿ?"

ಮಾಸ್ಟರ್ ಕಪಾಟಿನಿಂದ ಒಂದು ಅಂಗಿ ತೆಗೆದುಕೊಟ್ಟರು. ತೋಳು ಉದ್ದವಾಯಿತು. "ಕೂತ್ಕೋ, ಐದು ನಿಮಿಷ" ಎಂದು ಯಂತ್ರದ ಮುಂದೆ ಕುಳಿತು, ಹೊಲಿಗೆಯಿಂದ ಕಣ್ಣೆತ್ತದೆ ಹೇಳಿದರು: "ಈ ಸಾಲಿನ ಕೊನೇ ಕೋಣೆಯಲ್ಲಿ ನರ್ಸಮ್ಮ ಇರ್ತಾರೆ, ನಾಲ್ಕು ಗಂಟೆವರೆಗೆ. ನೀನು ಬರೀರಿ ಅನ್ನೋವರೆಗೂ ಅವರು ಏನೂ ಬರೆಯಲ್ಲ. ಎಲ್ಲಿಗಾದ್ರೂ ಹೋಗಬೇಕು ಅಂದ್ರೆ ಜೊತೆಗೆ ಬರ್ತಾರೆ. ಬೇಡ ಅಂದ್ರೆ ಟೀ ಕೊಡ್ತಾರೆ."

"ಟೀ ಚೆನ್ನಾಗಿರುತ್ತಾ?"

"ಇಲ್ಲ. ಬಾಗಿಲು ಹಾಕ್ಕೊಂಡು ಕುಡೀಬಹುದು."

ಹುಡುಗಿ ಮೊದಲ ಬಾರಿಗೆ ಕುರ್ಚಿಗೆ ಬೆನ್ನು ಆನಿಸಿದಳು. ತೋಳು ಮುಗಿದಾಗ, "ಇಡಿ" ಎಂದಳು. ಮೂರು ದಿನದ ನಂತರ ವಿಭಾಗದ ಮುಖ್ಯಸ್ಥನ ಮೇಲೆ ಅವಳ ದೂರು ದಾಖಲಾಯಿತು.

ಆ ಶುಕ್ರವಾರ ಹಲಗೆಯ ಮೇಲೆ ಬಾಕಿ ಒಂದು ಎಂದಿತ್ತು. ಉಗ್ರಾಣದ ಅಧಿಕಾರಿ ಹಲಗೆಯ ಮುಂದೆ ಸಾವಿನ ಮನೆಯಲ್ಲಿ ನಿಂತವನಂತೆ ನಿಂತ.

"ಐದು ವಾರಕ್ಕೆ ತಪಾಸಣೆ ಇದೆ ಮಾಸ್ಟರ್. ಏನಿದು ಒಂದು?"

"ವಿಚಾರಣೆಗೆ ಬೇಕಾದ ಅಂಗಿ ಸರ್."

"ಸಮಿತಿಯಿಂದ ಪತ್ರ ಬಂದಿದೆಯಾ?"

"ಬರುತ್ತೆ ಅಂತೆ."

"ಪತ್ರ ಬರೋವರೆಗೂ ಇದು ದುರಸ್ತಿ. ದುರಸ್ತಿ ಅಂದ್ಮೇಲೆ ಮಾಡಿ ಮುಗಿಸ್ಬೇಕು. ನಿಮಗೆ ಒಂದೂವರೆ ಗಂಟೆ ಕೆಲಸ."

ಅವನ ಮಾತಿನಲ್ಲಿ ನಿಯಮದ ದೃಷ್ಟಿಯಿಂದ ಒಂದಕ್ಷರ ತಪ್ಪಿರಲಿಲ್ಲ. ದುರಸ್ತಿ ಮಾಡದಿರಲು ನಿಯಮ ಒಪ್ಪುವ ಕಾರಣ ಒಂದೇ ಇತ್ತು. ಮಾಸ್ಟರ್ ಅದನ್ನು ಹೇಳಿದರು.

"ಆಗ್ತಿಲ್ಲ ಸರ್. ಈ ರಫೂ ನನ್ನ ಕೈಲಿ ಆಗ್ತಿಲ್ಲ."

"ನಿಮ್ಮ ಕೈಲಿ?"

"ಹೌದು ಸರ್."

"ಹಾಗಂತ ಬರೆದುಕೊಡಿ."

ದುರಸ್ತಿ ಪುಸ್ತಕದಲ್ಲಿ ಮಾಸ್ಟರ್ ಬರೆದರು: ದರ್ಜಿಗೆ ಸಾಧ್ಯವಾಗಿಲ್ಲ. ಮುಂದಿನ ಶುಕ್ರವಾರವೂ ಬರೆದರು. ಒಟ್ಟು ಐದು ಬಾರಿ. ಎರಡನೆಯ ವಾರಕ್ಕೆ ಮಾಸ್ಟರರ ಕಣ್ಣು ಹೋಯಿತೆಂಬ ಸುದ್ದಿ ಹುಟ್ಟಿತು. ಮೂರನೆಯ ವಾರಕ್ಕೆ ಜನ ಕಣ್ಣಿನ ವೈದ್ಯರ ವಿಳಾಸಗಳನ್ನು ತಂದುಕೊಟ್ಟರು. ನಾಲ್ಕನೆಯ ವಾರಕ್ಕೆ ಅಧಿಕಾರಿಗಳು ತಮ್ಮ ಒಳ್ಳೆಯ ಕೋಟುಗಳನ್ನು ಹೊರಗಿನ ಅಂಗಡಿಗೆ ಕಳಿಸತೊಡಗಿದರು. ಇದು ಮಾಸ್ಟರರಿಗೆ ತಾಗಿತು. ಮನೆಯಲ್ಲಿ ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ.

"ಕಣ್ಣು ಹೋಯ್ತಂತೆ ನಿಮ್ದು. ಹಾಲಿನವಳು ಹೇಳಿದ್ಲು" ಎಂದರು ಹೆಂಡತಿ.

"ಹೌದಂತೆ."

"ನನ್ನ ಮುಖ ಕಾಣ್ತಿದೆಯಾ?"

"ಕಾಣ್ತಿದೆ."

"ಸಿಟ್ಟಾಗಿದೀನಾ?"

"ಇಲ್ಲ."

"ಹಾಗಾದ್ರೆ ಸರಿಯಾಗೇ ಇದೆ. ಊಟಕ್ಕೆ ಬನ್ನಿ."

ಐದನೆಯ ವಾರ ವಿಭಾಗದ ಮುಖ್ಯಸ್ಥ ತಾನೇ ಬಂದ. ತಪಾಸಣೆಗೆ ಹೊಸ ಪ್ಯಾಂಟು, ಕಾಲು ಮಡಿಸಬೇಕಿತ್ತು. ಮಾಸ್ಟರ್ ನೆಲದ ಮೇಲೆ ಮಂಡಿಯೂರಿ, ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡು ಮಡಿಕೆ ಗುರುತಿಸುತ್ತಿದ್ದರು.

"ಆ ಹುಡುಗಿ ಅಂಗಿ ಇನ್ನೂ ಹಾಗೇ ಇಟ್ಕೊಂಡಿದೀರಂತೆ?"

ಬಾಯಲ್ಲಿ ಸೂಜಿಯಿರುವ ದರ್ಜಿಯಿಂದ ಯಾರೂ ಉತ್ತರ ನಿರೀಕ್ಷಿಸುವುದಿಲ್ಲ.

"ಪಾಪ, ಹೊಸಬಳು. ಯೂನಿಫಾರಂ ಜವಾಬ್ದಾರಿ ಇನ್ನೂ ಗೊತ್ತಿಲ್ಲ. ಹೊಲ್ದು ಕೊಟ್ಬಿಡಿ, ವಿಷಯ ಅಲ್ಲಿಗೇ ಮುಗಿಯುತ್ತೆ. ನೀವೂ ಹಿರಿಯರು, ನಿವೃತ್ತಿ ಹತ್ರ ಬಂತು... ಕೇಳಿಸ್ತಾ?"

ಮಾಸ್ಟರ್ ಕೊನೆಯ ಸೂಜಿಯನ್ನು ಬಟ್ಟೆಗೆ ಹಾಕಿದರು. "ಕಾಲು ಅಲ್ಲಾಡಿಸ್ಬೇಡಿ. ಚುಚ್ಚುತ್ತೆ."

ಪ್ಯಾಂಟು ಹೇಳಿದ ಹೊತ್ತಿಗೆ ಸಿದ್ಧವಾಯಿತು. ಎರಡೂ ಕಾಲು ಸಮನಾಗಿದ್ದವು. ಬಂದದ್ದು ಒಂದು, ಆದದ್ದು ಒಂದು ಎಂದು ಹಲಗೆಯ ಮೇಲೆ ಏರಿತು.

ಸಮಿತಿಯ ಪತ್ರ ತಪಾಸಣೆಯ ಹಿಂದಿನ ದಿನ ಬಂತು. ಅದೇ ಕೋಣೆ, ಅದೇ ಗುಮಾಸ್ತ. ಅಧ್ಯಕ್ಷರು ಮಾತ್ರ ಬೇರೆ. ಚೀಲವನ್ನು ಎಲ್ಲರ ಎದುರು ಬಿಡಿಸಿದರು. ಎಳೆಗಳು ಕೊನೆಯವರೆಗೂ ಗಟ್ಟಿಯಾಗಿವೆ, ಬಟ್ಟೆಯನ್ನು ಮುಂದಿನಿಂದ ಹಿಡಿದು ಜೋರಾಗಿ ಎಳೆಯಲಾಗಿದೆ ಎಂದು ಮಾಸ್ಟರ್ ತೋರಿಸಿದರು. ಮುಖ್ಯಸ್ಥನ ಪರವಾದ ಅಧಿಕಾರಿ ದುರಸ್ತಿ ಪುಸ್ತಕವನ್ನು ತೆರೆದಿಟ್ಟ.

"ದರ್ಜಿಗೆ ಸಾಧ್ಯವಾಗಿಲ್ಲ ಅಂತ ನೀವೇ ಐದು ಸಲ ಬರೆದಿದ್ದೀರಿ. ಹರಿದದ್ದನ್ನ ಸರಿ ಮಾಡೋಕೆ ಬಾರದವರು ಅದು ಹೇಗೆ ಹರೀತು ಅಂತ ಹೇಗೆ ಹೇಳ್ತೀರಿ?"

"ಅದು ಸುಳ್ಳು ಸರ್."

"ಯಾವುದು?"

"ನಾನು ಪುಸ್ತಕದಲ್ಲಿ ಬರೆದದ್ದು. ಒಂದೂವರೆ ಗಂಟೆಯಲ್ಲಿ ಮಾಡ್ತೀನಿ. ಮಾಡಿದ್ಮೇಲೆ ನಿಮಗೆ ಏನೂ ಕಾಣಲ್ಲ. ಈ ಕೋಣೆಯಲ್ಲಿ ಹಿಂದೆ ಒಂದು ಸಲ ಹಾಗೇ ಆಗಿದೆ, ಮೂವರೂ ನೋಡಿ ಏನೂ ಕಾಣಲ್ಲ ಅಂದ್ರು. ಆ ಅಂಗಿ ನಿಮ್ಮ ದಾಖಲೆ ಕೋಣೆಯಲ್ಲೇ ಇರಬೇಕು."

"ಮೂರನೇ ಕಪಾಟು" ಎಂದ ಗುಮಾಸ್ತ, ಯಾರೂ ಕೇಳದಿದ್ದರೂ.

ಮಾಸ್ಟರ್ ಕೆಳಮಡಿಕೆಯ ಎಳೆಗಳ ವಿಷಯವನ್ನು, ಒಂಬತ್ತು ವರ್ಷ ತಡವಾಗಿ, ಹೇಳಿದರು. ಅಧ್ಯಕ್ಷರು ಆ ಹಳೆಯ ಅಂಗಿಯನ್ನು ತರಿಸಲು ಹೇಳಿ, ಅಲ್ಲೇ ಬಿಚ್ಚಿ ತೋರಿಸಿ ಎಂದರು.

"ಆಗಲ್ಲ ಸರ್. ಅದನ್ನ ತೊಟ್ಟವರನ್ನ ಕೇಳಬೇಕು."

"ಯೂನಿಫಾರಂ ಸರ್ಕಾರದ್ದು ಮಾಸ್ಟರ್."

"ಹೌದು ಸರ್. ಅವತ್ತು ಕೇಳಬೇಕಾದದ್ದನ್ನ ಕೇಳದೇ ಹೊಲಿದೆ. ಇವತ್ತು ಕೇಳದೇ ಬಿಚ್ಚಲ್ಲ."

ವಾಹನ ವಿಭಾಗದ ಮುಖ್ಯಸ್ಥನನ್ನು ಹುದ್ದೆಯಿಂದ ತೆಗೆದು ಸೇನಾ ನ್ಯಾಯಾಲಯಕ್ಕೆ ಒಪ್ಪಿಸಲಾಯಿತು. ಡ್ರೈವರ್ ತನ್ನ ಲಾರಿಯಲ್ಲೇ ಮುಂದುವರಿದಳು. ಎರವಲು ಅಂಗಿಯನ್ನು ಹಿಂದಿರುಗಿಸಲು ಮರೆತಳು, ಮಾಸ್ಟರ್ ಕೇಳಲು ಮರೆತರು. ಪುಸ್ತಕದಲ್ಲಿ ಸುಳ್ಳು ಬರೆದುದಕ್ಕೆ ಮಾಸ್ಟರರಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಮೂವತ್ತೊಂದು ವರ್ಷದಲ್ಲಿ ಮೊದಲನೆಯದು. ಅದನ್ನು ತಂದುಕೊಟ್ಟ ಉಗ್ರಾಣದ ಅಧಿಕಾರಿ ಹಲಗೆಯನ್ನು ಬಹಳ ಹೊತ್ತು ನೋಡಿ, ಸೀಮೆಸುಣ್ಣ ತೆಗೆದುಕೊಂಡು ನಾಲ್ಕನೆಯ ಅಂಕಣಕ್ಕೆ ಗೆರೆ ಎಳೆದ. ಮೇಲೆ 'ಇಟ್ಟದ್ದು' ಎಂದು ಬರೆದ. ಅದರಿಂದ ಬಾಕಿ ಮತ್ತೆ ಸೊನ್ನೆಯಾಯಿತು.

ವೈರ್‌ಲೆಸ್ ವಿಭಾಗದ ಅಂದಿನ ಯುವತಿಗೆ, ರಫೂ ಬಿಚ್ಚಬಹುದೇ ಎಂದು ಕೇಳಿ, ಮಾಸ್ಟರ್ ಆರು ಸಾಲಿನ ಪತ್ರ ಬರೆದರು. ನರ್ಸಮ್ಮ ಅದನ್ನು ತಲುಪಿಸಿದರು. ವಿಳಾಸವನ್ನು ಮಾಸ್ಟರರಿಗೆ ಹೇಳಲಿಲ್ಲ, ಅವರೂ ಕೇಳಲಿಲ್ಲ. ಉತ್ತರ ಬರಲಿಲ್ಲ. ಒಂದು ತಿಂಗಳ ನಂತರ ಆಕೆಯೇ ಬಂದಳು. ರೇಡಿಯೋ ದುರಸ್ತಿಯ ಅಂಗಡಿ ಇಟ್ಟಿದ್ದಾಳಂತೆ, ಬೆರಳ ತುದಿಯಲ್ಲಿ ಬೆಸುಗೆಯ ಕಲೆಗಳಿದ್ದವು.

"ಬಿಚ್ಚಿ. ಆದ್ರೆ ನಾನು ಪಕ್ಕದಲ್ಲಿ ಕೂತಿರ್ತೀನಿ."

ಸಮಿತಿಯ ಕೋಣೆಯಲ್ಲಿ ಕಿಟಕಿಯ ಪಕ್ಕಕ್ಕೆ ಮೇಜು ಹಾಕಿಸಿದರು. ಮಾಸ್ಟರ್ ಮೊದಲು ಕೆಳಮಡಿಕೆಯನ್ನು ಬಿಡಿಸಿದರು. ಅಧ್ಯಕ್ಷರು ಬಗ್ಗಿ ನೋಡಿ, ಎಳೆ ಇಲ್ಲದ ಜಾಗವನ್ನು ಬೆರಳಿನಿಂದ ಮುಟ್ಟಿ, ಹಿಂದಕ್ಕೆ ಕುಳಿತರು. ಆಮೇಲೆ ರಫೂ. ಸೂಜಿಯ ಮೊನೆಯಿಂದ ಒಂದೊಂದೇ ಎಳೆಯನ್ನು ಎತ್ತಿ ಬಿಳಿಯ ಕಾಗದದ ಮೇಲೆ ಇಡುತ್ತ ಬಂದರು.

"ಅವತ್ತು ಎಷ್ಟು ಹೊತ್ತು ಹಿಡೀತು ಮಾಸ್ಟರ್?"

"ಒಂದೂವರೆ ಗಂಟೆ."

"ಇವತ್ತು?"

"ಮೂರು ಗಂಟೆ ಹಿಡಿಯುತ್ತೆ. ಅವತ್ತು ಸ್ವಲ್ಪ ಕೆಟ್ಟದಾಗಿ ಹೊಲಿದಿದ್ರೆ ಬೇಗ ಆಗೋದು."

ಆಕೆ ನಕ್ಕಳು. ಗುಮಾಸ್ತ ನಗಬಹುದೋ ಇಲ್ಲವೋ ಎಂದು ಅಧ್ಯಕ್ಷರ ಮುಖ ನೋಡಿದ.

ಮಧ್ಯಾಹ್ನದ ಹೊತ್ತಿಗೆ ಎದೆಯ ಮೇಲಿನ ಹರುಕು, ಒಂಬತ್ತು ವರ್ಷದ ಹಿಂದೆ ಇದ್ದಂತೆಯೇ, ಹೊರಗೆ ಬಂತು. ಎಳೆಗಳು ಕೊನೆಯವರೆಗೂ ಗಟ್ಟಿಯಾಗಿದ್ದವು. ಮಾಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಹೇಗೆ ಹರೀತು ಅಂತ ಅವತ್ತೇ ಕೇಳಬೇಕಿತ್ತು."

"ಕೇಳ್ತೀರೇನೋ ಅಂತಾನೇ ನಿಂತಿದ್ದೆ" ಎಂದಳು ಆಕೆ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, "ಈಗ ಕೇಳಿ" ಎಂದಳು.

ಮಾಸ್ಟರ್ ಕೇಳಿದರು. ಗುಮಾಸ್ತ ಹೊಸ ಹಾಳೆ ತೆಗೆದುಕೊಂಡ.