ಹೆಸರಿನ ಪಾಟಿ ಇಲ್ಲದ ಬಾಗಿಲು

ಕಾತ್ರಜದ ನಮ್ಮ ಮನೆಗೆ ದಾರಿ ಕೇಳಿದವರಿಗೆ ಅವ್ವ ಹದಿನಾಲ್ಕು ವರ್ಷ ಒಂದೇ ಗುರುತು ಹೇಳಿದಳು: ಮೂರನೇ ಮಹಡಿ, ಪಾಟಿ ಇಲ್ಲದ ಬಾಗಿಲು. ಆ ಮಹಡಿಯ ಉಳಿದ ಮೂರು ಬಾಗಿಲುಗಳ ಮೇಲೆ ಹೆಸರಿನ ಪಾಟಿಗಳಿದ್ದವು. ನಮ್ಮದರ ಮೇಲೆ ಎರಡು ಮೊಳೆ ಮಾತ್ರ. ಗೃಹಪ್ರವೇಶದ ದಿನ ಅಪ್ಪ ಅವನ್ನು ಹೊಡೆದವನು ಅಷ್ಟಕ್ಕೇ ನಿಲ್ಲಿಸಿದ್ದ. ಸಾಲ ತೀರುವವರೆಗೆ ಮನೆ ಬ್ಯಾಂಕಿನದು, ಬೇರೆಯವರ ಬಾಗಿಲಿಗೆ ನಮ್ಮ ಹೆಸರು ಯಾಕೆ ಎಂಬುದು ಅವನ ವಾದ. ಆಗ ನನಗೆ ಎಂಟು ವರ್ಷ, ತಮ್ಮನಿಗೆ ನಾಲ್ಕು.

ಅಪ್ಪ ಮಾರ್ಕೆಟ್ ಯಾರ್ಡಿನ ಕಾಳುಕಡಿ ಅಡತಿ ಅಂಗಡಿಯಲ್ಲಿ ಗುಮಾಸ್ತ. ಮನೆ ಕೊಳ್ಳುವಾಗ ಬ್ಯಾಂಕಿನ ಸಾಲ ಸಾಲದೆ ಮಾಲಕರಿಂದಲೂ ಕೈಗಡ ತಂದಿದ್ದ. ಎರಡರ ಕಂತನ್ನೂ ಒಟ್ಟಿಗೆ ಕಟ್ಟಿದ ಆ ಐದು ವರ್ಷ ನಮ್ಮ ಮನೆಯಲ್ಲಿ ಯಾರೂ ಹೊಸ ಚಪ್ಪಲಿ ಕೇಳಲಿಲ್ಲ. ಕೈಗಡ ಮುಗಿದ ದಿನ ಅಪ್ಪ ಒಂದು ನಿಯಮ ಮಾಡಿದ: ಈ ಮನೆಯಲ್ಲಿ ಇನ್ನು ಮೇಲೆ ಒಂದೇ ಸಲಕ್ಕೆ ಎರಡು ಸಾಲ ಇರಬಾರದು.

ಅದರಿಂದಲೇ ಈ ವರ್ಷದ ಜೂನ್ ನಮಗೆ ಮುಖ್ಯವಾಗಿತ್ತು. ತಮ್ಮ ಹನ್ನೆರಡನೆಯ ತರಗತಿ ಮುಗಿಸಿ ಹೋಟೆಲ್ ಮ್ಯಾನೇಜ್ಮೆಂಟ್ ಸೇರಬೇಕಿತ್ತು. ಅದರ ಫೀಗೆ ಶಿಕ್ಷಣ ಸಾಲ ಬೇಕು. ಮನೆ ಸಾಲ ಜೂನ್‌ನಲ್ಲಿ ಮುಗಿದರೆ ಜುಲೈನಲ್ಲಿ ಅವನ ಪ್ರವೇಶ. ಮುಗಿಯದಿದ್ದರೆ ಇಲ್ಲ.

ಜನವರಿ ಮೂರನೆಯ ಶನಿವಾರ, ಸಾಲ ಮುಗಿಸಲು ಏನೇನು ಕಾಗದ ಬೇಕೆಂದು ಕೇಳಲು ಅಪ್ಪ ಬ್ಯಾಂಕಿಗೆ ಹೊರಟ. ಹಡಪಸರದ ಕಚೇರಿಯೊಂದರ ಲೆಕ್ಕ ವಿಭಾಗದಲ್ಲಿ ನನಗೆ ಅದೇ ತಿಂಗಳು ಕೆಲಸ ಸಿಕ್ಕಿತ್ತು, ಆದ್ದರಿಂದ ನನ್ನನ್ನೂ ಕರೆದುಕೊಂಡ. ಕೌಂಟರಿನ ಅಧಿಕಾರಿ ಮಹಿಳೆ ಪರದೆ ನೋಡಿ, ಇನ್ನೂ ಹನ್ನೆರಡು ಕಂತು ಇವೆ ಎಂದರು. ಅಪ್ಪ ನಕ್ಕು, ಆರು ಎಂದ. ಅವರು ಪರದೆಯನ್ನೇ ನಮ್ಮ ಕಡೆ ತಿರುಗಿಸಿದರು.

ಆದದ್ದು ಇಷ್ಟು. ಹಿಂದಿನ ನಾಲ್ಕು ದೀಪಾವಳಿಗಳಲ್ಲಿ ಅಪ್ಪ ಬೋನಸ್ಸನ್ನು ಇಡಿಯಾಗಿ ಸಾಲಕ್ಕೆ ಕಟ್ಟಿದ್ದ. ಯಾರ್ಡಿನ ಪದ್ಧತಿಯಲ್ಲಿ ಹಾಗೆ ಕಟ್ಟಿದ ಹಣ ಕೊನೆಯ ಕಂತುಗಳಿಂದ ಕಳೆಯುತ್ತದೆ. ಬ್ಯಾಂಕು ಕೊನೆಯನ್ನು ಮುಟ್ಟದೆ ಪ್ರತಿ ಕಂತನ್ನೇ ಕಡಿಮೆ ಮಾಡಿತ್ತು. ಯಾವುದು ಬೇಕೆಂದು ಅರ್ಜಿಯಲ್ಲಿ ಹೇಳಬೇಕಿತ್ತಂತೆ. ಹದಿನಾರು ಸಾವಿರದ ಕಂತು ಹನ್ನೊಂದೂವರೆ ಸಾವಿರಕ್ಕೆ ಇಳಿದದ್ದು ಅಪ್ಪನಿಗೆ ಗೊತ್ತಿತ್ತು. ಆದರೆ ಅವನು ಅದನ್ನು ಸೂಟು ಎಂದುಕೊಂಡಿದ್ದ. ಹೊತ್ತಿಗೆ ಸರಿಯಾಗಿ ಕೊಡುವ ಗಿರಾಕಿಗೆ ಯಾರ್ಡಿನಲ್ಲಿ ಅಡತಿಯವರು ಬಿಡುವ ರಿಯಾಯಿತಿಗೆ ಸೂಟು ಎನ್ನುತ್ತಾರೆ. ಒಂದು ದಿನವೂ ತಡ ಮಾಡದ ತನಗೆ ಬ್ಯಾಂಕು ಮರ್ಯಾದೆ ಕೊಟ್ಟಿದೆ ಎಂದು ಅವನು ಮೂರು ವರ್ಷ ಹೆಮ್ಮೆಯಿಂದಿದ್ದ.

ಬ್ಯಾಂಕಿದ್ದ ಸ್ವಾರಗೇಟದಿಂದ ಮನೆಯವರೆಗೆ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅಪ್ಪ ನಿಂತೇ ಬಂದ. ಮನೆಯಲ್ಲಿ ಎಲ್ಲವನ್ನೂ ನಾನೇ ಹೇಳಬೇಕಾಯಿತು. ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡಳು. ಕಂತಿನಲ್ಲಿ ಇಳಿದ ದುಡ್ಡು ತಿಂಗಳ ತಿಂಗಳ ಎಲ್ಲಿ ಹೋಯಿತೆಂದು ಅಪ್ಪ ತನ್ನನ್ನೇ ಕೇಳಿಕೊಂಡಾಗ ಮಾತ್ರ ಅವಳ ಕೈ ನಿಂತಿತು.

"ಎಲ್ಲಿ ಹೋಗ್ಯದ? ನಿಮ್ಮ ಎದುರಿಗೇ ನಿಂತದ ನೋಡ್ರಿ," ಎಂದು ಹಿಟ್ಟಿನ ಕೈಯಿಂದ ನನ್ನನ್ನು ತೋರಿಸಿದಳು. "ಮೂರು ವರ್ಷದ ಕಾಲೇಜ್ ಫೀ."

ತಮ್ಮ ತಾನು ಒಂದು ವರ್ಷ ಕಾಯುತ್ತೇನೆ, ಅಷ್ಟರೊಳಗೆ ಯಾವುದಾದರೂ ಅಡುಗೆಮನೆಯಲ್ಲಿ ಕೆಲಸಕ್ಕೆ ನಿಲ್ಲುತ್ತೇನೆ ಎಂದ. ಅಪ್ಪ ಒಪ್ಪಲಿಲ್ಲ. ಓದು ಬಿಟ್ಟು ಪಗಾರದ ರುಚಿ ಕಂಡ ಹುಡುಗರು ತಿರುಗಿ ಕಾಲೇಜಿಗೆ ಹೋಗದ್ದನ್ನು ಅವನು ಯಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದ. ಸರಿ, ನಾನು ಲೆಕ್ಕ ಹಾಕಿದೆ. ಮಾಮೂಲಿ ಕಂತುಗಳ ಮೇಲೆ ಜೂನ್ ಕೊನೆಯೊಳಗೆ ಅರವತ್ತೈದು ಸಾವಿರ ಕೂಡಿಸಿದರೆ ಸಾಲ ಮುಗಿಯುತ್ತದೆ. ನನ್ನ ಪಗಾರದ ಅರ್ಧ ಇದಕ್ಕೆ ಎಂದೆ. ಮಗಳ ಪಗಾರವನ್ನು ಸಾಲಕ್ಕೆ ಹಾಕುವುದಿಲ್ಲ ಎಂದು ಅಪ್ಪ ಎದ್ದುನಿಂತ.

ಅವ್ವ ಕೇಳಿದಳು, "ಹಂಗಾರ ಆಕಿ ಈ ಮನ್ಯಾಗ ಬಾಡಗಿಗಿ ಅದಾಳೇನ್ರಿ?"

ಅಪ್ಪ ಮತ್ತೆ ಕೂತ.

ಅವ್ವ ಮೊದಲಿನಿಂದಲೂ ಒಣಗಿಸಿದ ಗಟ್ಟಿ ಜೋಳದ ಕಟಕು ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಿದ್ದಳು. ಹಾಸ್ಟೆಲಿನ ಹುಡುಗರು, ಸುತ್ತಲಿನ ಮರಾಠಿ ಮನೆಗಳವರು ಗಿರಾಕಿಗಳು. ಈಗ ತಮ್ಮ ದಿನಾ ತರಗತಿ ಮುಗಿದ ಮೇಲೆ ಹೊಸ ಗಿರಾಕಿ ಹುಡುಕಲು ಹೊರಟ. ಸ್ವಾರಗೇಟದ ಹತ್ತಿರ ಕರಾವಳಿ ಕಡೆಯವರ ಒಂದು ಹೋಟೆಲಿದೆ. ಅದರ ಮಾಲಕರು ರೊಟ್ಟಿಯನ್ನು ಬೆರಳಿನಿಂದ ಬಡಿದು, "ಇದೆಂತದು ಮಾರಾಯ, ರೊಟ್ಟಿಯಾ ಹಂಚಾ?" ಎಂದರಂತೆ. "ಹಂಚು ಮಳಿ ತಡೀತದ, ಇದು ಹಸಿವಿ ತಡೀತದ್ರಿ," ಎಂದನಂತೆ ನಮ್ಮವನು. ಶನಿವಾರ, ಭಾನುವಾರ ನಲವತ್ತು ನಲವತ್ತು ರೊಟ್ಟಿ ಎಂದು ನಿಗದಿಯಾಯಿತು. ರೊಟ್ಟಿ ಒಯ್ದವನು ಅಲ್ಲಿನ ಅಡುಗೆಮನೆಯಲ್ಲೇ ತಾಸುಗಟ್ಟಲೆ ನಿಂತು ಸಾರಿನ ವಾಸನೆ ಹೊತ್ತು ಮನೆಗೆ ಬರುತ್ತಿದ್ದ.

ನನ್ನ ದಿನಚರಿಯಲ್ಲಿ ಪ್ರತಿ ಭಾನುವಾರ ಮೊತ್ತ ಬರೆಯುತ್ತಿದ್ದೆ. ಫೆಬ್ರವರಿ ಕೊನೆಗೆ ಹದಿನೆಂಟು ಸಾವಿರ, ಮಾರ್ಚ್ ಕೊನೆಗೆ ಮೂವತ್ತು. ಏಪ್ರಿಲಿನ ಬಿಸಿಲಲ್ಲಿ ಫ್ರಿಜ್ಜು ಕೆಟ್ಟಿತು. ರಿಪೇರಿಗೆ ಕೊಡುವ ಮಾತನ್ನು ಯಾರೂ ಎತ್ತಲಿಲ್ಲ. ಎದುರು ಮನೆಯ ಮರಾಠಿ ಕಾಕು ತಮ್ಮ ಫ್ರಿಜ್ಜಿನಲ್ಲಿ ನಮ್ಮ ಹಾಲಿಗೆ ಜಾಗ ಕೊಟ್ಟರು. ನಿಮ್ಮ ಹಾಲು ಹೆಚ್ಚು ಗಟ್ಟಿ, ಅದಲುಬದಲಾದರೆ ತಿರುಗಿ ಕೊಡುವುದಿಲ್ಲ ಎಂದು ದಿನಾ ಅವ್ವನನ್ನು ಚುಡಾಯಿಸುತ್ತಿದ್ದರು.

ಜೂನ್ ಮಧ್ಯದಲ್ಲಿ ಇನ್ನೂ ಎಂಟು ಸಾವಿರ ಕಡಿಮೆಯಿತ್ತು. ತಮ್ಮನ ಪ್ರವೇಶದ ಕೊನೆಯ ದಿನ ಜುಲೈ ಐದು. ಹೋಟೆಲಿನ ಮಾಲಕರಿಗೆ ವಿಷಯ ಹೇಗೋ ತಿಳಿದು, ಮೂರು ತಿಂಗಳ ರೊಟ್ಟಿಯ ಹಣ ಮುಂಗಡ ಕೊಡುತ್ತೇನೆ ಎಂದು ಹೇಳಿ ಕಳಿಸಿದರು. ಅಪ್ಪ ಅವ್ವನ ಮುಖ ನೋಡಿದ. ನನಗಂತೂ ತೆಗೆದುಕೊಳ್ಳಬೇಕು ಅನ್ನಿಸಿತ್ತು.

"ಮುಂಗಡ ಅಂದ್ರೂ ಸಾಲನ ಅಲ್ಲೇನ್ರಿ?" ಎಂದಳು ಅವ್ವ. "ಒಂದು ಸಾಲ ತೀರಸಾಕ ಇನ್ನೊಂದು. ನೀವ ಬ್ಯಾಡ ಅಂದದ್ದು."

ಮುಂಗಡ ಬೇಡವೆಂದು ಅವಳು ಚಟ್ನಿಯ ಡಬ್ಬಿಯೊಂದರ ಜೊತೆಗೆ ಹೇಳಿ ಕಳಿಸಿದಳು. ಆ ಎರಡು ವಾರ ಅಪ್ಪ ಯಾರ್ಡಿನಲ್ಲಿ ಸಂಜೆಯ ಮೇಲೆ ಬೇರೆ ಅಂಗಡಿಯವರ ಜಿಎಸ್‌ಟಿ ಲೆಕ್ಕ ಬರೆದ. ಜೂನ್ ಮೂವತ್ತಕ್ಕೆ ನನ್ನ ಪಗಾರ ಬಂತು. ಹಣ ಕೂಡಿ ಮುನ್ನೂರ ನಲವತ್ತು ರೂಪಾಯಿ ಹೆಚ್ಚೇ ಆಯಿತು.

ಜುಲೈ ಒಂದರಂದು ನಾವು ನಾಲ್ವರೂ ಬ್ಯಾಂಕಿಗೆ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಜನವರಿಯಲ್ಲಿ ಕಂಡ ಅದೇ ಅಧಿಕಾರಿ ಪರದೆಯನ್ನು ಈ ಸಲ ತಾವಾಗಿಯೇ ನಮ್ಮ ಕಡೆ ತಿರುಗಿಸಿದರು. ಬಾಕಿಯ ಜಾಗದಲ್ಲಿ ಸೊನ್ನೆ. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದ. ಮೂರನೆಯ ದಿನ ಅದೇ ಮೇಜಿನ ಮುಂದೆ ತಮ್ಮನ ಶಿಕ್ಷಣ ಸಾಲಕ್ಕೆ ಸಹಿ ಆಯಿತು. ಸಹಿಗೆ ಮೊದಲು ಅಪ್ಪ ಪೆನ್ನು ಎತ್ತಿ ಹಿಡಿದು, ಹೆಚ್ಚಿಗೆ ಕಟ್ಟಿದ ಹಣ ಕೊನೆಯಿಂದಲೇ ಕಳೆಯಬೇಕು, ನಮಗೆ ಸೂಟು ಬೇಡ ಎಂದು ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದ. ಅಧಿಕಾರಿಗೆ ಸೂಟಿನ ಕಥೆ ಅರ್ಥವಾಗಲಿಲ್ಲ. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

ಮನೆಯ ಮೂಲ ಕಾಗದಗಳು ಕೈಗೆ ಬಂದ ವಾರದ ಭಾನುವಾರ ಪಾಟಿಯೂ ಬಂತು. ನಾಲ್ಕು ಹೆಸರು, ಮೇಲೆ ಮರಾಠಿಯಲ್ಲಿ, ಕೆಳಗೆ ಕನ್ನಡದಲ್ಲಿ. ಪಾಟಿಯವನಿಗೆ ಕನ್ನಡ ಬಾರದ್ದರಿಂದ ನಾನು ದೊಡ್ಡದಾಗಿ ಬರೆದುಕೊಟ್ಟಿದ್ದೆ. ಅವ್ವನ ಹೆಸರು ಮೊದಲು. ಅದನ್ನು ಹಾಗೆ ಬರೆಸಿದವನು ಅಪ್ಪ, ಯಾರನ್ನೂ ಕೇಳಿರಲಿಲ್ಲ. ಹಳೆಯ ಮೊಳೆಗಳು ತುಕ್ಕು ಹಿಡಿದಿದ್ದವು, ತಮ್ಮ ಅವನ್ನು ಕಿತ್ತು ಹೊಸವು ಹೊಡೆದ.

ಅಂದು ಸಂಜೆ ಆರು ವರ್ಷದ ಹಳೆಯ ಗಿರಾಕಿಯೊಬ್ಬರು ರೊಟ್ಟಿ ಒಯ್ಯಲು ಬರಬೇಕಿತ್ತು. ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಫೋನ್ ಬಂತು. ಅವರು ನಾಲ್ಕನೇ ಮಹಡಿಯವರೆಗೂ ಹತ್ತಿ, ಮತ್ತೆ ಎರಡನೆಯದಕ್ಕೆ ಇಳಿದು, ಪಾಟಿ ಇಲ್ಲದ ಬಾಗಿಲು ಎಲ್ಲೂ ಕಾಣದೆ ನಿಂತಿದ್ದರು. ಅವ್ವ ಫೋನನ್ನು ಕಿವಿಗೆ ಹಿಡಿದೇ ಹೊರಗೆ ಬಂದು, ಬಾಗಿಲ ಪಕ್ಕ ನಿಂತು, ಮೆಟ್ಟಿಲ ಕೆಳಗಿನವರೆಗೆ ಕೇಳಿಸುವಂತೆ ತನ್ನ ಹೆಸರು ಹೇಳಿದಳು.